ಪಟ್ಟೆ ಎಣಿಸಿದರೆ ಗಂಡು ಕಣಜ ಸಿಗುವುದಿಲ್ಲ

ಮಳೆ ಹಿಂದೆ ಸರಿದು ತೋಟದ ಕೆಲಸ ಶುರುವಾಗುವ ಹೊತ್ತಿಗೆ ಕೊಡಗಿನ ವಾಟ್ಸಾಪ್ ಗುಂಪುಗಳಲ್ಲಿ ಕಣಜದ ಫೋಟೋಗಳೂ ಶುರುವಾಗುತ್ತವೆ. ಕಾಫಿ ಎಲೆಯಡಿಯ ಸಣ್ಣ ಗೂಡು, ಮನೆಯ ಮಾಡಿನ ಮೂಲೆಯ ಗೂಡು, ಹಣ್ಣಾಗಿ ಬಿದ್ದ ಪೇರಳೆಯ ಮೇಲೆ ಕೂತ ದೊಡ್ಡ ಕಡಜ. ಫೋಟೋದ ಕೆಳಗೆ ಎರಡು ಪ್ರಶ್ನೆ ತಪ್ಪದೆ ಇರುತ್ತವೆ: ಇದು ಯಲ್ಲೋಜಾಕೆಟ್ಟಾ? ಗಂಡಾ, ಹೆಣ್ಣಾ?

ಮೊದಲ ಪ್ರಶ್ನೆಗೆ ಉತ್ತರ ಸುಲಭ: ಯಲ್ಲೋಜಾಕೆಟ್ ಅಲ್ಲ. ಯಲ್ಲೋಜಾಕೆಟ್ ಎಂಬ ಹೆಸರು ಉತ್ತರ ಅಮೆರಿಕದ್ದು. ಅಲ್ಲಿನವರು ವೆಸ್ಪುಲಾ ಮತ್ತು ಡಾಲಿಕೊವೆಸ್ಪುಲಾ ಕುಲದ ಕಣಜಗಳನ್ನು ಹಾಗೆ ಕರೆಯುತ್ತಾರೆ. ಅವು ತಂಪು ಸೀಮೆಯ ಹುಳುಗಳು, ನಮ್ಮ ದೇಶದಲ್ಲಿ ಹಿಮಾಲಯದ ಕಡೆ ಸಿಗುತ್ತವೆ. ಕೊಡಗಿನ ತೋಟಗಳಲ್ಲಿ ಹಳದಿ ಪಟ್ಟೆ ಹೊತ್ತು ಓಡಾಡುವುದು ವೆಸ್ಪಾ, ರೋಪಾಲಿಡಿಯಾ, ಪೊಲಿಸ್ಟಿಸ್ ಕುಲದವು, ಜೊತೆಗೆ ಒಂಟಿಯಾಗಿ ಮಣ್ಣಿನ ಗೂಡು ಕಟ್ಟುವ ಕುಂಬಾರ ಕಣಜಗಳು. ಎಲ್ಲವೂ ವೆಸ್ಪಿಡೇ ಎಂಬ ಒಂದೇ ಕುಟುಂಬಕ್ಕೆ ಸೇರಿದ್ದರಿಂದ ಎರಡನೇ ಪ್ರಶ್ನೆಗೆ ಉತ್ತರ ಹುಡುಕುವ ದಾರಿ ಮಾತ್ರ ಅಮೆರಿಕದಲ್ಲೂ ಒಂದೇ, ಮಡಿಕೇರಿಯಲ್ಲೂ ಒಂದೇ.

ಆ ದಾರಿ ಮೈಯ ಬಣ್ಣದಿಂದ ಶುರುವಾದರೂ ಬಣ್ಣದಲ್ಲಿ ಮುಗಿಯುವುದಿಲ್ಲ. ಬಣ್ಣ ಅನುಮಾನ ಹುಟ್ಟಿಸುತ್ತದೆ, ತೀರ್ಮಾನ ಎಣಿಕೆಯದು. ತಪ್ಪುವುದೂ ಇಲ್ಲೇ. ಹೆಚ್ಚಿನವರು ಎಣಿಸಬೇಕಾದದ್ದನ್ನು ಬಿಟ್ಟು ಹಳದಿ ಪಟ್ಟೆಗಳನ್ನು ಎಣಿಸುತ್ತಾರೆ.

ಅದಕ್ಕೂ ಮೊದಲು ಹುಳು ಕಣಜವೇ ಹೌದಾ ಎಂದು ನೋಡಿಕೊಳ್ಳಿ. ಹೂವಿನ ಮೇಲೆ ಗಾಳಿಯಲ್ಲಿ ಒಂದೇ ಕಡೆ ನಿಲ್ಲುವ, ಗಿಡ್ಡ ಮೀಸೆಯ, ಎರಡೇ ರೆಕ್ಕೆಯ ಹಳದಿ ಪಟ್ಟೆಯ ಹುಳು ನೊಣದ ಜಾತಿ. ವೆಸ್ಪಿಡೇ ಕುಟುಂಬದ ಕಣಜಗಳು ಕೂತಾಗ ಮುಂದಿನ ರೆಕ್ಕೆಯನ್ನು ಉದ್ದುದ್ದಕ್ಕೆ ಮಡಿಚಿಕೊಳ್ಳುತ್ತವೆ, ಹಾಗಾಗಿ ರೆಕ್ಕೆ ಕಿರಿದಾದ ಪಟ್ಟಿಯಂತೆ ಕಾಣುತ್ತದೆ. ಕಣ್ಣಿನ ಒಳಅಂಚಿನಲ್ಲಿ ಒಂದು ಕಚ್ಚೂ ಇರುತ್ತದೆ. ಇವೆರಡು ಇದ್ದರೆ ಮುಂದಕ್ಕೆ ಹೋಗಬಹುದು.

ಮೀಸೆ: 12 ಮತ್ತು 13

ಹೆಣ್ಣಿನ ಕುಡಿಮೀಸೆಯಲ್ಲಿ 12 ಗಿಣ್ಣು, ಗಂಡಿನದರಲ್ಲಿ 13. ರಾಣಿಯಾಗಲಿ ಕೆಲಸಗಾರ್ತಿಯಾಗಲಿ ಹೆಣ್ಣು ಹೆಣ್ಣೇ, 12. ಬಣ್ಣ ಎಷ್ಟೇ ಬದಲಾಗಲಿ, ಮೈ ಚಿಕ್ಕದಾಗಲಿ ದೊಡ್ಡದಾಗಲಿ, ಈ ಲೆಕ್ಕ ಹಾಗೇ ಉಳಿಯುತ್ತದೆ.

ಎಣಿಕೆ ತಪ್ಪುವುದು ಸಾಮಾನ್ಯವಾಗಿ ಬುಡದಲ್ಲಿ. ತಲೆಗೆ ಅಂಟಿಕೊಂಡ ಮೊದಲ ಗಿಣ್ಣು ಉದ್ದ, ಅದು ಎಲ್ಲರಿಗೂ ಕಾಣುತ್ತದೆ. ಅದರ ತುದಿಯಲ್ಲಿ ಮೀಸೆ ಬಾಗುವ ಜಾಗದಲ್ಲಿ ಎರಡನೇ ಗಿಣ್ಣಿದೆ. ಅದು ಬಹಳ ಚಿಕ್ಕದು, ಮಣಿಯಷ್ಟೇ. ಅದನ್ನು ಬಿಟ್ಟರೆ ಗಂಡು 12ಕ್ಕೆ ನಿಂತು ಹೆಣ್ಣಾಗಿಬಿಡುತ್ತದೆ. ಮೂರನೆಯದು ಮತ್ತೆ ಉದ್ದ, ಅಲ್ಲಿಂದ ತುದಿಯವರೆಗೆ ಹೆಚ್ಚುಕಡಿಮೆ ಒಂದೇ ಅಳತೆಯವು. ಹಾಗಾಗಿ ಬುಡದ ಎರಡನ್ನು ಪಕ್ಕಕ್ಕಿಟ್ಟು ಮಿಕ್ಕಿದ್ದನ್ನು ಎಣಿಸುವುದು ಒಳ್ಳೆಯದು: 10 ಬಂದರೆ ಹೆಣ್ಣು, 11 ಬಂದರೆ ಗಂಡು. ಎರಡೂ ಮೀಸೆ ಎಣಿಸಿ. ಒಂದರ ತುದಿ ಮುರಿದಿರುವುದು ಅಪರೂಪವೇನಲ್ಲ, ತುದಿ ಮುರಿದ ಗಂಡು ಅಚ್ಚುಕಟ್ಟಾಗಿ 12 ತೋರಿಸುತ್ತದೆ. ಮುರಿಯದ ತುದಿ ದುಂಡಗಿರುತ್ತದೆ, ಮುರಿದದ್ದು ಕತ್ತರಿಸಿದ ಹಾಗೆ ಚಪ್ಪಟೆ.

ಎಣಿಸಲಾಗದಷ್ಟು ದೂರದಲ್ಲಿದ್ದರೆ ಉದ್ದ ನೋಡಿ. ಗಂಡಿನ ಮೀಸೆ ಸ್ಪಷ್ಟವಾಗಿ ಉದ್ದ. ಪೊಲಿಸ್ಟಿಸ್ ಗಂಡುಗಳಲ್ಲಿ ತುದಿ ಹೊರಕ್ಕೆ ಸುರುಳಿಯಾಗಿರುತ್ತದೆ. ಕುಂಬಾರ ಕಣಜಗಳ ಎಷ್ಟೋ ಜಾತಿಗಳಲ್ಲಿ ಗಂಡಿನ ಮೀಸೆಯ ಕೊನೆಯ ಗಿಣ್ಣು ಚಿಕ್ಕ ಕೊಕ್ಕೆಯಂತೆ ಹಿಂದಕ್ಕೆ ಮಡಿಚಿಕೊಂಡಿರುತ್ತದೆ. ಆ ಕೊಕ್ಕೆಯನ್ನು ಎಣಿಕೆಗೆ ಸೇರಿಸಲು ಮರೆಯಬಾರದು.

ಹೊಟ್ಟೆ: ಪಟ್ಟೆಯಲ್ಲ, ಖಂಡ

ಸೊಂಟದಿಂದ ಹಿಂದಕ್ಕೆ ಹೆಣ್ಣಿನಲ್ಲಿ 6 ಖಂಡ ಕಾಣುತ್ತವೆ, ಗಂಡಿನಲ್ಲಿ 7. ಇದು ಎರಡನೇ ಗಟ್ಟಿ ಗುರುತು. ಗೊಂದಲವೆಲ್ಲ ಇರುವುದೂ ಇಲ್ಲೇ.

ಹಳದಿ ಪಟ್ಟೆ ಸಾಮಾನ್ಯವಾಗಿ ಒಂದು ಖಂಡದ ಹಿಂದಿನ ಅಂಚಿನಲ್ಲಿರುತ್ತದೆ, ಮುಂದಿನ ಭಾಗ ಕಪ್ಪು ಅಥವಾ ಕಂದು. ಎಲ್ಲ ಖಂಡಕ್ಕೂ ಪಟ್ಟೆ ಇರಲೇಬೇಕೆಂದೇನಿಲ್ಲ. ಕೊಡಗಿನಲ್ಲಿ ಜನ ಹೆದರುವ ದೊಡ್ಡ ಕಡಜ ವೆಸ್ಪಾ ಟ್ರಾಪಿಕಾವನ್ನೇ ನೋಡಿ: ಕರಿ ಮೈಗೆ ಒಂದೇ ಒಂದು ಅಗಲ ಹಳದಿ ಪಟ್ಟಿ, ಅದೂ ಎರಡನೇ ಖಂಡದ ಮೇಲೆ. ಹಿಂದಿನದೆಲ್ಲ ಕಪ್ಪು. ವೆಸ್ಪಾ ಅಫಿನಿಸ್‌ನಲ್ಲಿ ಮೊದಲ ಎರಡು ಖಂಡಗಳೂ ಕಿತ್ತಳೆ ಹಳದಿ, ದೂರದಿಂದ ಅವೆರಡೂ ಕೂಡಿ ಒಂದೇ ದಪ್ಪ ಪಟ್ಟಿಯಾಗಿ ಕಾಣುತ್ತವೆ. ಪಟ್ಟೆ ಎಣಿಸಿದರೆ ಎರಡರಲ್ಲೂ ಸಿಗುವ ಉತ್ತರ ಒಂದು. ಗಂಡಾದರೂ ಒಂದು, ಹೆಣ್ಣಾದರೂ ಒಂದು. ಈ ಪಟ್ಟಿ ಜಾತಿ ಹೇಳುತ್ತದೆ, ಲಿಂಗ ಹೇಳುವುದಿಲ್ಲ.

ಖಂಡ ಎಣಿಸಲು ಹುಳುವನ್ನು ಪಕ್ಕದಿಂದ ನೋಡಬೇಕು. ಪ್ರತಿ ಖಂಡಕ್ಕೂ ಬೆನ್ನಿನ ಕಡೆ ಒಂದು ಫಲಕ, ಹೊಟ್ಟೆಯ ಕಡೆ ಒಂದು ಫಲಕ. ಒಂದರ ಅಂಚು ಇನ್ನೊಂದರ ಮೇಲೆ ಕೂರುವ ಗೆರೆ ಬೆಳಕು ಓರೆಯಾಗಿ ಬಿದ್ದಾಗ ಚೆನ್ನಾಗಿ ಕಾಣುತ್ತದೆ. ಸೊಂಟದ ನಂತರದ್ದೇ ಒಂದು. ಎದೆಯ ಹಿಂಭಾಗದ ಇಳಿಜಾರು ಭಾಗವನ್ನು ಎಣಿಸಬೇಡಿ. ದೇಹರಚನೆಯ ಲೆಕ್ಕದಲ್ಲಿ ಅದು ಹೊಟ್ಟೆಯ ಮೊದಲ ಖಂಡವೇ, ಆದರೆ ಎದೆಗೆ ಕೂಡಿಕೊಂಡಿದೆ, 6 ಮತ್ತು 7ರ ಲೆಕ್ಕ ಅದನ್ನು ಬಿಟ್ಟೇ ಹೇಳಿದ್ದು. ಗಂಡಿನ ಏಳನೆಯದು ಚಿಕ್ಕದು, ಎಷ್ಟೋ ಸಲ ಪೂರ್ತಿ ಕಪ್ಪು, ಆರನೆಯದರ ನೆರಳಲ್ಲಿ ಅಡಗಿರುತ್ತದೆ.

ಸತ್ತು ಒಣಗಿದ ಹುಳುವಿನಲ್ಲಿ ಖಂಡಗಳು ಹಳೇ ರೇಡಿಯೋದ ಏರಿಯಲ್ ಕಡ್ಡಿಯಂತೆ ಒಂದರೊಳಗೊಂದು ಸೇರಿಕೊಳ್ಳುತ್ತವೆ. ರೋಪಾಲಿಡಿಯಾದಲ್ಲಿ ಇದು ವಿಪರೀತ. ಅದರ ಎರಡನೇ ಖಂಡ ಬುರುಡೆಯಂತೆ ದೊಡ್ಡದು, ಮಿಕ್ಕವೆಲ್ಲ ಅದರೊಳಕ್ಕೆ ಹೊಕ್ಕುಬಿಡುತ್ತವೆ. ಜೀವಂತ ಇದ್ದಾಗಲೂ ಹೀಗೇ, ಉಸಿರಾಡುವಾಗ ಹೊರಬಂದು ಒಳಹೋಗುತ್ತಿರುತ್ತವೆ. ಒಂದೇ ಫೋಟೋ ನೋಡಿ ರೋಪಾಲಿಡಿಯಾದ ಖಂಡ ಎಣಿಸಿದೆ ಎನ್ನುವವರ ಮಾತನ್ನು ನಂಬಬೇಡಿ. ಆ ಕುಲಕ್ಕೆ ಮೀಸೆ ಮತ್ತು ಮುಖವೇ ಸರಿ.

ಹೊಟ್ಟೆಯ ತುದಿಯ ಆಕಾರವೂ ಸಹಾಯಕ್ಕೆ ಬರುತ್ತದೆ. ಹೆಣ್ಣಿನದು ಚೂಪಾಗಿ ಮುಗಿಯುತ್ತದೆ, ಗಂಡಿನದು ಮೊಂಡು, ಚಪ್ಪಟೆ. ಆದರೆ ಕೊಂಡಿ ಕಾಣಲಿಲ್ಲ ಎಂಬ ಕಾರಣಕ್ಕೆ ಗಂಡು ಎನ್ನಬೇಡಿ. ಹೆಣ್ಣು ಸುಮ್ಮನೆ ಕೂತಾಗ ಕೊಂಡಿ ಪೂರ್ತಿ ಒಳಗಿರುತ್ತದೆ.

ಮುಖ

ಬಣ್ಣ ನಿಜಕ್ಕೂ ಕೆಲಸಕ್ಕೆ ಬರುವುದು ಮುಖದಲ್ಲಿ. ಎರಡು ಕಣ್ಣುಗಳ ನಡುವೆ, ದವಡೆಯ ಮೇಲೆ ಗುರಾಣಿಯಂತಹ ಫಲಕವಿದೆ, ಕ್ಲಿಪಿಯಸ್. ಪೊಲಿಸ್ಟಿಸ್, ರೋಪಾಲಿಡಿಯಾ ಮತ್ತು ಹೆಚ್ಚಿನ ಕುಂಬಾರ ಕಣಜಗಳಲ್ಲಿ ಗಂಡಿನ ಈ ಫಲಕ ತಿಳಿ ಹಳದಿ ಅಥವಾ ಕೆನೆ ಬಣ್ಣ, ಅದೇ ಜಾತಿಯ ಹೆಣ್ಣಿನದು ಕಂದು, ಕೆಂಪು ಅಥವಾ ಕಪ್ಪು ಗುರುತುಗಳಿರುವ ಹಳದಿ. ಗಂಡಿನ ಮೀಸೆಯ ಕೆಳಬದಿಯೂ ಹೆಚ್ಚಾಗಿ ತಿಳಿ ಬಣ್ಣದ್ದು.

ಮನೆಯ ಮಾಡು, ಕಿಟಕಿ ಚೌಕಟ್ಟು, ಶೆಡ್ಡಿನ ತಗಡಿನಡಿ ಗೂಡು ಕಟ್ಟುವ ಕೆಂಗಂದು ಮೈಯ ರೋಪಾಲಿಡಿಯಾ ಮಾರ್ಜಿನೇಟಾದಲ್ಲಿ ಇದನ್ನು ಕಲಿಯುವುದು ಸುಲಭ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗ್‌ಕರ್ ಮತ್ತು ಅವರ ವಿದ್ಯಾರ್ಥಿಗಳು ದಶಕಗಳ ಕಾಲ ಅಧ್ಯಯನ ಮಾಡಿದ್ದು ಇದೇ ಹುಳುವನ್ನು. ಇದರಲ್ಲಿ ರಾಣಿಗೂ ಕೆಲಸಗಾರ್ತಿಗೂ ಮೈಯಲ್ಲಿ ಯಾವ ವ್ಯತ್ಯಾಸವೂ ಇಲ್ಲ, ಆದರೆ ಗಂಡು ಬೇರೆಯಾಗಿ ಕಾಣುತ್ತದೆ: ಮುಖ ತಿಳಿ, ದವಡೆ ಸಪೂರ, ಕೊಂಡಿ ಇಲ್ಲ. ಗಂಡುಗಳು ಹುಟ್ಟಿದ ಗೂಡಿನಲ್ಲಿ ಸುಮಾರು ಒಂದು ವಾರವಷ್ಟೇ ಇದ್ದು ಹೊರಟುಹೋಗುತ್ತವೆ, ಮತ್ತೆ ಬರುವುದಿಲ್ಲ. ಹಾಗಾಗಿ ಗೂಡಿನ ಮೇಲೆ ಇವತ್ತು ಕಂಡ ತಿಳಿಮುಖದ ಗಂಡು ಮುಂದಿನ ವಾರ ಕಾಣದಿದ್ದರೆ ಆಶ್ಚರ್ಯವಿಲ್ಲ. ದಕ್ಷಿಣ ಭಾರತದಲ್ಲಿ ಈ ಜಾತಿಯ ಗೂಡುಗಳು ವರ್ಷವಿಡೀ ನಡೆಯುತ್ತವೆ, ಆದ್ದರಿಂದ ಇಂಥದೇ ತಿಂಗಳು ಎಂದು ಕಾಯಬೇಕಿಲ್ಲ.

ಮುಖದ ಗುರುತು ಕೈಕೊಡುವ ಸಂದರ್ಭಗಳೂ ಇವೆ. ಆಗಷ್ಟೇ ಗೂಡಿನ ಕೋಶದಿಂದ ಹೊರಬಂದ ಹೆಣ್ಣಿನ ಮೈ ಮಾಸಲು, ಮುಖವೂ ತಿಳಿ. ಬಣ್ಣ ಕೂತಿರುವುದಿಲ್ಲ. ಹೂವಿಗೆ ಹೋಗಿ ಬಂದದ್ದರ ಮುಖಕ್ಕೆ ಪರಾಗ ಮೆತ್ತಿಕೊಂಡರೆ ಫೋಟೋದಲ್ಲಿ ಹಳದಿ ಮುಖವೇ. ಫ್ಲಾಶ್ ನೇರ ಬಿದ್ದರೆ ನಯವಾದ ಕ್ಲಿಪಿಯಸ್ ಹೊಳೆದು ಬಿಳಿಯಾಗುತ್ತದೆ. ಇನ್ನು ಸ್ಟ್ರೆಪ್ಸಿಪ್ಟೆರಾ ಎಂಬ ಪರಾವಲಂಬಿ ಹೊಕ್ಕ ಕಣಜಗಳಿವೆ. ಹೊಟ್ಟೆಯ ಎರಡು ಖಂಡಗಳ ನಡುವೆ ಕಂದು ಗುಬಟೊಂದು ಇಣುಕುತ್ತಿರುತ್ತದೆ. ಅಂಥವುಗಳ ನಡವಳಿಕೆಯೂ ಹೊಟ್ಟೆಯ ಆಕಾರವೂ ಕೆಟ್ಟಿರುತ್ತದೆ, ಮೀಸೆ ಎಣಿಸದೆ ಏನನ್ನೂ ಹೇಳಬೇಡಿ.

ವೆಸ್ಪಾದಲ್ಲಿ ಮುಖದ ಬಣ್ಣ ಇಷ್ಟು ನೆರವಾಗುವುದಿಲ್ಲ. ಅಲ್ಲಿ ಉದ್ದ ಮೀಸೆ, ಮೊಂಡು ತುದಿ, 7 ಖಂಡ. ಗಾತ್ರವಂತೂ ದಾರಿ ತಪ್ಪಿಸುತ್ತದೆ. ದೊಡ್ಡದು ಕಂಡ ಕೂಡಲೇ ಗಂಡು ಎನ್ನುವ ರೂಢಿ ನಮ್ಮಲ್ಲಿದೆ, ಆದರೆ ಗೂಡಿನಲ್ಲಿ ಎಲ್ಲಕ್ಕಿಂತ ದೊಡ್ಡದು ರಾಣಿ.

ನಿಜವಾದ ಯಲ್ಲೋಜಾಕೆಟ್‌ಗಳಲ್ಲಿ

ವಿದೇಶದ ಚಿತ್ರಗಳನ್ನು ನೋಡಿ ಕಲಿಯುವವರಿಗೆ ಇಷ್ಟು ಗೊತ್ತಿರಲಿ. ವೆಸ್ಪುಲಾ ವಲ್ಗಾರಿಸ್‌ನ ಹೆಣ್ಣಿನ ಮುಖದಲ್ಲಿ ಲಂಗರಿನಂತಹ ಕಪ್ಪು ಗುರುತು, ವೆಸ್ಪುಲಾ ಜರ್ಮಾನಿಕಾದಲ್ಲಿ ಮೂರು ಚುಕ್ಕೆ. ವಲ್ಗಾರಿಸ್‌ನ ಎದೆಯ ಮುಂಬದಿಯ ಹಳದಿ ಗೆರೆ ಒಂದೇ ಅಗಲದ್ದು, ಜರ್ಮಾನಿಕಾದ್ದು ನಡುವೆ ಉಬ್ಬಿದ್ದು. ಹೊಟ್ಟೆಯ ಮೇಲಿನ ಕಪ್ಪು ಚುಕ್ಕೆಗಳು ಜರ್ಮಾನಿಕಾದಲ್ಲಿ ಕಪ್ಪು ಪಟ್ಟಿಯಿಂದ ಬಿಡಿಯಾಗಿ ನಿಲ್ಲುತ್ತವೆ, ವಲ್ಗಾರಿಸ್‌ನಲ್ಲಿ ಸಾಮಾನ್ಯವಾಗಿ ಅದಕ್ಕೆ ಅಂಟಿಕೊಂಡಿರುತ್ತವೆ. ಅಮೆರಿಕದ ಪಶ್ಚಿಮದ ವೆಸ್ಪುಲಾ ಪೆನ್ಸಿಲ್ವಾನಿಕಾಕ್ಕೆ ಕಣ್ಣಿನ ಸುತ್ತ ಪೂರ್ತಿ ಹಳದಿ ಬಳೆ, ದಕ್ಷಿಣದ ವೆಸ್ಪುಲಾ ಸ್ಕ್ವಾಮೋಸಾಕ್ಕೆ ಎದೆಯ ಬೆನ್ನಿನ ಮೇಲೆ ಎರಡು ಉದ್ದ ಹಳದಿ ಗೆರೆ.

ಕೈಪಿಡಿಗಳಲ್ಲಿ ಹೆಚ್ಚಾಗಿ ಅಚ್ಚಾಗಿರುವುದು ಕೆಲಸಗಾರ್ತಿಯ ಚಿತ್ರ. ಗಂಡಿನಲ್ಲಿ ಈ ಗುರುತುಗಳ ಏರುಪೇರು ಜಾಸ್ತಿ. ಲಂಗರು ಸವೆದು ಗೆರೆಯಾಗುತ್ತದೆ, ಗೆರೆ ಚುಕ್ಕೆಯಾಗುತ್ತದೆ, ವಲ್ಗಾರಿಸ್ ಗಂಡು ಜರ್ಮಾನಿಕಾ ಹೆಣ್ಣಿನ ಹಾಗೆ ಕಾಣುತ್ತದೆ. ಆದ್ದರಿಂದ ಮೊದಲು ಲಿಂಗ, ಆಮೇಲೆ ಜಾತಿ. ಗಂಡು ಎಂದು ಖಚಿತವಾದ ಮೇಲೆ ಹೆಣ್ಣಿನ ಮುಖಚಿತ್ರ ಹಿಡಿದು ಜಾತಿ ಹುಡುಕಬಾರದು. ಪರಿಣತರು ಅನುಮಾನ ಬಂದಾಗ ಗಂಡಿನ ಜನನಾಂಗದ ನಡುವಿನ ಭಾಗದ ತುದಿ ಯಾವ ಆಕಾರದಲ್ಲಿದೆ ಎಂದು ನೋಡಿ ತೀರ್ಮಾನಿಸುತ್ತಾರೆ. ಆ ಸೀಮೆಯಲ್ಲಿ ಗಂಡುಗಳು ಹೆಚ್ಚಾಗಿ ಕಾಣುವುದು ಆಗಸ್ಟ್‌ನಿಂದ ಅಕ್ಟೋಬರ್ ಒಳಗೆ. ಬೇಸಿಗೆಯ ಶುರುವಿನ ಚಿತ್ರಕ್ಕೆ ಗಂಡು ಎಂದು ಬರೆದಿದ್ದರೆ ಇನ್ನೊಮ್ಮೆ ಎಣಿಸಿ ನೋಡುವುದು ಒಳ್ಳೆಯದು.

ಫೋಟೋ ಮತ್ತು ಸತ್ತ ಹುಳು

ಮೂರು ಫೋಟೋ ಬೇಕು: ಮುಖ ಎದುರಿನಿಂದ, ಪೂರ್ತಿ ಮೈ ಪಕ್ಕದಿಂದ, ಮೀಸೆ ಎರಡೂ ಫೋಕಸ್‌ನಲ್ಲಿರುವಂತೆ ಒಂದು. ಎಲ್ಲರೂ ತೆಗೆಯುವ ಬೆನ್ನಿನ ಫೋಟೋ ಈ ಕೆಲಸಕ್ಕೆ ಎಲ್ಲಕ್ಕಿಂತ ಕಡಿಮೆ ಉಪಯೋಗದ್ದು. ಮೊಬೈಲಿಗೆ ಸಿಕ್ಕಿಸುವ ಮ್ಯಾಕ್ರೋ ಲೆನ್ಸ್ ಸಾಕು, ಆದರೆ ಅದರಲ್ಲಿ ಹುಳುವಿಗೆ ಬಹಳ ಹತ್ತಿರ ಹೋಗಬೇಕಾಗುತ್ತದೆ. ಆದ್ದರಿಂದ ಗೂಡಿನ ಹತ್ತಿರ ಬೇಡ. ಬಿದ್ದ ಹಣ್ಣು, ನಲ್ಲಿಯ ಒಸರು, ಬೇಲಿಯ ಹೂ, ಇಂಥ ಕಡೆ ಬೆಳಿಗ್ಗೆ ಮಂಜು ಕರಗುವ ಮೊದಲು ತೆಗೆಯಿರಿ. ಚಳಿಗೆ ಹುಳು ನಿಧಾನವಿರುತ್ತದೆ. ವೆಸ್ಪಾ ಗೂಡಿನ ಕೆಳಗೆ ನಿಂತು ಮರಗಸಿ (ನೆರಳು ಮರದ ಕೊಂಬೆ ಕಡಿಯುವುದು) ಮಾಡುವವರಿಗೆ ಆಗುವ ಅನಾಹುತ ಕೊಡಗಿನವರಿಗೆ ಹೇಳಿಕೊಡಬೇಕಾಗಿಲ್ಲ, ಫೋಟೋಗೂ ಅದೇ ಮಾತು ಅನ್ವಯಿಸುತ್ತದೆ.

ಕಿಟಕಿಯ ಬುಡದಲ್ಲಿ ಸಿಗುವ ಸತ್ತ ಹುಳು ಕಲಿಯಲು ಅತ್ಯುತ್ತಮ. ಜೊತೆಗೆ 10 ಪಟ್ಟು ದೊಡ್ಡದಾಗಿ ತೋರಿಸುವ ಕೈ ಮಸೂರ. ಬೇಸಿಗೆಯಲ್ಲಿ ಸಿಕ್ಕಿದ್ದಾದರೆ ಒಣಗಿ ಮುಟ್ಟಿದರೆ ಮುರಿಯುವಂತಿರುತ್ತದೆ. ಗಾಳಿಯಾಡದ ಡಬ್ಬಿಯ ತಳಕ್ಕೆ ಒದ್ದೆ ಟಿಶ್ಯೂ ಹಾಕಿ, ಬೂಷ್ಟು ಹಿಡಿಯದಂತೆ ಎರಡು ಹನಿ ಡೆಟಾಲ್ ಬಿಟ್ಟು, ನೀರು ತಾಗದಂತೆ ಒಂದು ಮುಚ್ಚಳದ ಮೇಲೆ ಹುಳುವನ್ನಿಟ್ಟು ಒಂದೆರಡು ದಿನ ಮುಚ್ಚಿಡಿ. ಕೀಲುಗಳು ಮೆತ್ತಗಾಗುತ್ತವೆ. ಜುಲೈಯಲ್ಲಿ ಇದೆಲ್ಲ ಬೇಕಾಗುವುದಿಲ್ಲ, ನಮ್ಮ ಮಳೆಗಾಲದ ಗಾಳಿಯೇ ಆ ಕೆಲಸ ಮಾಡುತ್ತದೆ, ಬೂಷ್ಟಿನ ಸಮೇತ. ಆಗ ಉಲ್ಟಾ ಕೆಲಸ: ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಡಬ್ಬಿ.

ಮೆತ್ತಗಾದ ಮೇಲೆ ಪಿನ್ ಚುಚ್ಚುವುದಿದ್ದರೆ ಎದೆಯ ನಡುಗೆರೆಯಿಂದ ಸ್ವಲ್ಪ ಬಲಕ್ಕೆ ಚುಚ್ಚಿ, ಎಡಭಾಗದ ಗುರುತು ಹಾಳಾಗದೆ ಉಳಿಯುತ್ತದೆ. ಹೊಟ್ಟೆಯ ಕೊನೆಯ ಫಲಕಗಳನ್ನು ತುದಿ ಬಗ್ಗಿಸಿದ ಸಣ್ಣ ಸೂಜಿಯಿಂದ ಮೆಲ್ಲಗೆ ಹಿಂದಕ್ಕೆ ಎಳೆದರೆ ಒಳಸೇರಿದ ಖಂಡಗಳು ಹೊರಬರುತ್ತವೆ. ಇನ್ನೂ ಸ್ವಲ್ಪ ಎಳೆದರೆ ಹೆಣ್ಣಿನಲ್ಲಿ ಕೊಂಡಿ, ಗಂಡಿನಲ್ಲಿ ಇಕ್ಕಳದಂತೆ ಎರಡು ಬದಿಯ ಜನನಾಂಗ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಸಯನೈಡ್ ಬಾಟಲಿಯಲ್ಲಿ ಕೊಂದ ಹಳೆಯ ಸಂಗ್ರಹಗಳ ಹುಳುಗಳಲ್ಲಿ ಹಳದಿ ಕೆಂಪಿಗೆ ತಿರುಗಿರಬಹುದು. ಅಂಥದ್ದರಲ್ಲಿ ಮುಖದ ಬಣ್ಣವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಫ್ರಿಜ್‌ನಲ್ಲಿ ಅರ್ಧ ಗಂಟೆ ಇಟ್ಟ ಕಣಜ ಸತ್ತಿರುವುದಿಲ್ಲ, ಮರಗಟ್ಟಿರುತ್ತದೆ ಅಷ್ಟೆ. ಮಸೂರದ ಕೆಳಗೆ ಬೆಚ್ಚಗಾಗುತ್ತಿದ್ದಂತೆ ಎದ್ದು ಹಾರುತ್ತದೆ. ಫ್ರೀಜರ್‌ನಲ್ಲಿ ಒಂದು ರಾತ್ರಿಯಾದರೂ ಇರಲಿ. ಹೊಸದಾಗಿ ಸತ್ತ ಹೆಣ್ಣಿನ ಕೊಂಡಿ ಕೆಲ ಗಂಟೆಗಳವರೆಗೆ ತಾನಾಗೇ ಚುಚ್ಚಬಲ್ಲದು, ಬೆರಳಲ್ಲಿ ಹಿಡಿಯಬೇಡಿ, ಚಿಮಟ ಬಳಸಿ.

ಏನು ಮಾಡುತ್ತಿದೆ ಎಂಬುದೂ ಗುರುತೇ

ಗೇಟಿನ ಮರದ ಕಂಬವನ್ನು ಕೆರೆದು ನಾರು ಒಯ್ಯುತ್ತಿರುವ ಕಣಜ ಹೆಣ್ಣು. ಹುಳ ಹಿಡಿದು ಉಂಡೆ ಮಾಡುತ್ತಿರುವುದು ಹೆಣ್ಣು. ಗೂಡಿಗೆ ನೀರು ಒಯ್ಯುವುದೂ ಹೆಣ್ಣು. ಗಂಡು ಗೂಡು ಕಟ್ಟುವುದಿಲ್ಲ, ಬೇಟೆಯಾಡುವುದಿಲ್ಲ. ಹೂವಿನ ಮಕರಂದ ಹೀರುತ್ತಾ, ಎಲೆಯ ಮೇಲೆ ಬಿಸಿಲು ಕಾಯುತ್ತಾ, ಒಂದೇ ಪೊದೆಯ ಸುತ್ತ ಮತ್ತೆ ಮತ್ತೆ ಸುತ್ತುತ್ತಾ ಇದ್ದರೆ ಗಂಡಿರಬಹುದು. ರೋಪಾಲಿಡಿಯಾ ಮಾರ್ಜಿನೇಟಾದ ಗಂಡುಗಳಿಗೆ ಪ್ರಯೋಗಾಲಯದಲ್ಲಿ ಆಹಾರ ಸಿಗುವಂತೆ ಮಾಡಿದಾಗ ಅವೂ ಮರಿಗಳಿಗೆ ಉಣಿಸಿದ್ದುಂಟು, ಆದರೆ ಗೂಡಿನಲ್ಲಿ ಸಾಮಾನ್ಯವಾಗಿ ಅವು ಸುಮ್ಮನೆ ಉಣ್ಣುವ ನೆಂಟರು. ಪೊಲಿಸ್ಟಿಸ್ ಡಾಮಿನುಲಾ ಎಂಬ ಯುರೋಪಿನ ಜಾತಿಯಲ್ಲಿ ಹೆಣ್ಣುಗಳು ಗಂಡುಗಳನ್ನು ತಲೆ ಮುಂದಾಗಿ ಖಾಲಿ ಕೋಶಕ್ಕೆ ತುರುಕುವುದು 1997ರಲ್ಲಿ ವರದಿಯಾಗಿದೆ. ಮೇವು ಬಂದಾಗ ಪಾಲು ಕೇಳದಿರಲಿ ಎಂದು.

ತುಡುವೆ ಜೇನಿನ ಪೆಟ್ಟಿಗೆ ಇಟ್ಟವರಿಗೆ ಇದರಿಂದ ನೇರ ಉಪಯೋಗವಿದೆ. ಪೆಟ್ಟಿಗೆಯ ಬಾಗಿಲಲ್ಲಿ ಕಾದು ಜೇನ್ನೊಣ ಹಿಡಿಯುವ ಕಡಜಗಳೆಲ್ಲ ಹೆಣ್ಣು. ತೋಟದ ಹೂವಿನ ಮೇಲೆ ಕಂಡ ಗಂಡುಗಳನ್ನು ಹೊಡೆದು ಪೆಟ್ಟಿಗೆಗೆ ಏನೂ ಲಾಭವಿಲ್ಲ. ವೆಸ್ಪಾ ಗಂಡುಗಳು ಒಂದೇ ಕಡೆ ಬಹಳ ಕಾಣತೊಡಗಿದರೆ ಹತ್ತಿರದ ಯಾವುದೋ ಗೂಡು ಹೊಸ ರಾಣಿಗಳನ್ನೂ ಗಂಡುಗಳನ್ನೂ ಹೊರಡಿಸುವ ಹಂತಕ್ಕೆ ಬಂದಿದೆ ಎಂದರ್ಥ. ಆಗ ಗೂಡಿನಲ್ಲಿ ಜನಸಂಖ್ಯೆ ಹೆಚ್ಚಿರುತ್ತದೆ, ಆ ಮರದ ಕಡೆ ಕಾಫಿ ಕೊಯ್ಲಿನವರನ್ನು ಕಳಿಸುವ ಮೊದಲು ಗೂಡೆಲ್ಲಿದೆ ಎಂದು ದೂರದಿಂದ ನೋಡಿಕೊಳ್ಳಬೇಕು.

ಗಂಡು ಕುಟುಕುವುದಿಲ್ಲ ಎಂಬ ಧೈರ್ಯದಲ್ಲಿ ಕೈಯಲ್ಲಿ ಹಿಡಿದು ತೋರಿಸುವ ವಿಡಿಯೋಗಳಿವೆ. ಹಿಡಿದಾಗ ಗಂಡು ಕೂಡ ಹೊಟ್ಟೆಯ ತುದಿಯನ್ನು ಚುಚ್ಚುವಂತೆ ಒತ್ತುತ್ತದೆ, ಅದು ಬರೀ ನಟನೆ. ಆದರೆ ಜಪಾನಿನ ಆಂಟೆರಿಂಕಿಯಂ ಗಿಬ್ಬಿಫ್ರಾನ್ಸ್ ಎಂಬ ಕುಂಬಾರ ಕಣಜದ ಜಾತಿಯಲ್ಲಿ ಗಂಡಿನ ಜನನಾಂಗಕ್ಕೆ ಎರಡು ಚೂಪು ಮುಳ್ಳುಗಳಿದ್ದು, ಅವುಗಳಿಂದ ಚುಚ್ಚಿ ಮರಗಪ್ಪೆಯ ಬಾಯಿಂದ ಪಾರಾಗುತ್ತದೆ ಎಂದು 2022ರಲ್ಲಿ ಗೊತ್ತಾಯಿತು. ಅದರಲ್ಲಿ ವಿಷವಿಲ್ಲ, ಚುಚ್ಚಿದ ನೋವಂತೂ ನಿಜ. ದೊಡ್ಡ ಕಡಜವನ್ನು ಅಂದಾಜಿನ ಮೇಲೆ ಗಂಡೆಂದು ಹಿಡಿದು ಅದು ಹೆಣ್ಣಾಗಿಬಿಟ್ಟರೆ ಒಂದೇ ಹೆಣ್ಣು ಎಷ್ಟು ಸಲ ಬೇಕಾದರೂ ಕುಟುಕಬಹುದು, ಜೇನ್ನೊಣದಂತೆ ಕೊಂಡಿ ಕಳಚಿ ಬೀಳುವುದಿಲ್ಲ. ಕುಟುಕಿದ ಮೇಲೆ ಮೈಯೆಲ್ಲ ದದ್ದು, ತುಟಿ ಊತ, ಉಸಿರು ಕಟ್ಟುವುದು, ತಲೆ ಸುತ್ತುವುದು ಕಂಡರೆ ಮನೆಮದ್ದಿಗೆ ಸಮಯ ಹಾಳು ಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಕಂಡ ಜೀವಿಗಳ ಫೋಟೋ ದಾಖಲಿಸುವ ಐನ್ಯಾಚುರಲಿಸ್ಟ್ ಜಾಲತಾಣಕ್ಕೆ ಹಾಕುವವರು ಮೂರು ಫೋಟೋಗಳ ಜೊತೆ ಟಿಪ್ಪಣಿಯಲ್ಲಿ ಬರೀ 'ಗಂಡು' ಎಂದು ಬರೆಯದೆ ಯಾವ ಆಧಾರದ ಮೇಲೆ ಎಂದೂ ಬರೆಯಿರಿ: 'ಎಡ ಮೀಸೆ 13, ಮುಖ ಹಳದಿ, ಖಂಡ ಎಣಿಸಲಾಗಲಿಲ್ಲ'. ಡಬ್ಬಿಯಲ್ಲಿ ಹುಳು ಇಟ್ಟವರು ಅದೇ ಮಾತನ್ನು ಪೆನ್ಸಿಲಿನಲ್ಲಿ ಚೀಟಿಗೆ ಬರೆದು, ಊರು, ತಾರೀಖು ಮತ್ತು ಹುಳು ಕೂತಿದ್ದ ಗಿಡದ ಹೆಸರು ಸೇರಿಸಿ ಹುಳುವಿನ ಜೊತೆಗೇ ಇಡಿ. ಬಾಲ್‌ಪೆನ್ ಶಾಯಿ ಕೊಡಗಿನ ತೇವಕ್ಕೆ ಒಂದೇ ಮಳೆಗಾಲದಲ್ಲಿ ಹರಡಿಹೋಗುತ್ತದೆ.